ನಾಯಿಯ ಮೇಲಿನ ರೆಪ್ಪೆ ಹರಿದು ಜೋತಾಡುತ್ತಿದೆ: ಕತ್ತರಿಸಬೇಕೇ, ಹೊಲಿಸಬೇಕೇ?

ತೋಟದಮನೆ (ತೀರ್ಥಹಳ್ಳಿ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನಾಯಿ ಕರಿಯನಿಗೆ ನಾಲ್ಕು ವರ್ಷ. ಊರ ತಳಿಯದು, ಸುಮಾರು 18 ಕೆ.ಜಿ. ತೂಗುತ್ತಾನೆ. ನಿನ್ನೆ ಸಂಜೆ ಅಡಿಕೆ ತೋಟದಲ್ಲಿ ಮಂಗಗಳನ್ನು ಅಟ್ಟಿಸಿಕೊಂಡು ಹೋದವನು ಮುಳ್ಳುತಂತಿಯ ಬೇಲಿಯ ಅಡಿಯಲ್ಲಿ ನುಸುಳುವಾಗ ಎಡಗಣ್ಣಿನ ಮೇಲಿನ ರೆಪ್ಪೆಯನ್ನು ಹರಿದುಕೊಂಡಿದ್ದಾನೆ. ಹೊರಮೂಲೆಯಿಂದ ಸ್ವಲ್ಪ ಒಳಗೆ, ರೆಪ್ಪೆಯ ಅಂಚಿನಿಂದ ಮೇಲಕ್ಕೆ ನೆಟ್ಟಗೆ ಸೀಳಿದ್ದು, ಹುಣಸೆಬೀಜದಷ್ಟು ದೊಡ್ಡ ತುಂಡು ಜೋತುಬಿದ್ದಿದೆ. ಅವನು ಕಣ್ಣು ಮಿಟುಕಿಸಿದಾಗಲೆಲ್ಲ ಸೀಳು ಬಾಯಿಬಿಟ್ಟು, ಅದರ ನಡುವಿನಿಂದ ಕಣ್ಣುಗುಡ್ಡೆ ಕಾಣಿಸುತ್ತದೆ. ರಕ್ತ ರಾತ್ರಿಯೇ ನಿಂತಿತು. ಈಗ ರೆಪ್ಪೆ ಊದಿಕೊಂಡಿದ್ದು, ತುಂಡಿನ ತುದಿ ಕಪ್ಪಗೆ ಒಣಗಿದಂತೆ ಕಾಣುತ್ತಿದೆ.

ಬೆಳಿಗ್ಗೆ ಇಲ್ಲಿಯ ಪಶು ಆಸ್ಪತ್ರೆಯ ಡಾಕ್ಟರು ನೋವಿಗೆ ಮತ್ತು ಕೀವಾಗದಂತೆ ಇಂಜೆಕ್ಷನ್ ಕೊಟ್ಟು, ತಮ್ಮ ಬಳಿ ಕಣ್ಣಿನ ಹೊಲಿಗೆಗೆ ಬೇಕಾದ ಸಣ್ಣ ದಾರ ಮತ್ತು ಸಲಕರಣೆ ಇಲ್ಲವೆಂದೂ ಶಿವಮೊಗ್ಗಕ್ಕೆ ಕರೆದೊಯ್ಯುವುದು ಒಳ್ಳೆಯದೆಂದೂ ಪ್ರಾಮಾಣಿಕವಾಗಿ ಹೇಳಿದರು. ಆದರೆ ಮನೆಯಲ್ಲಿ ಅಭಿಪ್ರಾಯಗಳು ಬೇರೆ ಬೇರೆಯಾಗಿವೆ. ಜೋತಾಡುವ ಚರ್ಮವನ್ನು ಕತ್ತರಿಸಿ ಔಷಧಿ ಹಚ್ಚಿದರೆ ಎರಡು ವಾರದಲ್ಲಿ ಮಾಯುತ್ತದೆ ಎಂದು ಪಕ್ಕದ ಮನೆಯವರೂ, ನಾಯಿಯ ಗಾಯ ತಾನೇ ಮಾಯುತ್ತದೆ, ನಂದಿಬಟ್ಟಲು ಹೂವಿನ ರಸ ಹಿಂಡಿದರೆ ಸಾಕು ಎಂದು ನಮ್ಮ ಅತ್ತೆಯವರೂ ಹೇಳುತ್ತಿದ್ದಾರೆ.

ನನಗೆ ಭಯವಿರುವುದಕ್ಕೆ ಕಾರಣವಿದೆ. ಸುಮಾರು ಹತ್ತು ವರ್ಷದ ಹಿಂದೆ ನಮ್ಮಲ್ಲಿದ್ದ ಇನ್ನೊಂದು ನಾಯಿಗೆ ಹಂದಿಯ ಕೋರೆ ತಗುಲಿ ರೆಪ್ಪೆ ಹೀಗೆಯೇ ಹರಿದಿತ್ತು. ಅಂದು ನೋಡಿದವರು ಜೋತುಬಿದ್ದ ತುಂಡನ್ನು ಕತ್ತರಿಯಿಂದ ತೆಗೆದುಬಿಟ್ಟರು. ಗಾಯ ಚೆನ್ನಾಗಿಯೇ ಮಾಯಿತು. ಆದರೆ ಆ ಕಣ್ಣಿನಿಂದ ಪಿಸುರು ಬರುವುದು ನಿಲ್ಲಲೇ ಇಲ್ಲ. ವರ್ಷ ಕಳೆಯುವಷ್ಟರಲ್ಲಿ ಕಣ್ಣಿನ ಮೇಲೆ ಕಂದುಬಣ್ಣದ ಪೊರೆಯಂಥದ್ದು ಹಬ್ಬಿ, ಕೊನೆಗೆ ಅದಕ್ಕೆ ಆ ಕಡೆಯಿಂದ ಏನೂ ಕಾಣಿಸದಂತಾಯಿತು. ಗಾಯ ಮಾಯ್ದ ಮೇಲೂ ಕಣ್ಣು ಹೋದದ್ದು ಹೇಗೆ ಎಂಬುದು ನನಗೆ ಈವರೆಗೂ ತಿಳಿದಿಲ್ಲ.

ಒಂದು ದಿನ ಕಳೆದಿರುವುದರಿಂದ ಹೊಲಿಯುವ ಸಮಯ ಮೀರಿದೆಯೇ? ಕಪ್ಪಾದ ತುಂಡಿಗೆ ಜೀವ ಬರುತ್ತದೆಯೇ? ಬರೀ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹೊಲಿಯಬಹುದೇ ಅಥವಾ ಪೂರ್ತಿ ಪ್ರಜ್ಞೆ ತಪ್ಪಿಸಬೇಕೇ? ತಿಳಿದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಪಶುವೈದ್ಯ (ಧಾರವಾಡ) ಅವರ ಉತ್ತರ:

ನಮಸ್ಕಾರ. ಏನನ್ನೂ ಕತ್ತರಿಸಬೇಡಿ, ಕತ್ತರಿಸಲು ಬೇರೆ ಯಾರಿಗೂ ಬಿಡಬೇಡಿ. ಇಂದೇ ಶಿವಮೊಗ್ಗಕ್ಕೆ ಹೊರಡಿ. ನಿಮ್ಮಲ್ಲಿಂದ 60 ಕಿ.ಮೀ. ದಾರಿ. ಅಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ, ಸಣ್ಣ ಪ್ರಾಣಿಗಳ ಶಸ್ತ್ರಚಿಕಿತ್ಸೆ ಮಾಡುವ ಖಾಸಗಿ ವೈದ್ಯರೂ ಇದ್ದಾರೆ. ಹೊರಡುವ ಮುನ್ನ ಫೋನ್ ಮಾಡಿ, ರೆಪ್ಪೆಯ ಅಂಚು ಹರಿದಿದೆ ಎಂಬ ಮಾತನ್ನೇ ಬಳಸಿ ಹೇಳಿ. ಆ ಒಂದು ಮಾತಿನಿಂದ ಅವರಿಗೆ ಯಾವ ದಾರ, ಯಾವ ಸೂಜಿ ಬೇಕೆಂಬುದು ತಿಳಿಯುತ್ತದೆ. ನಿಮ್ಮ ಊರಿನ ಡಾಕ್ಟರು ದಪ್ಪ ದಾರದಲ್ಲಿ ಹೇಗೋ ಹೊಲಿದು ಕಳುಹಿಸದೆ ಮುಂದಕ್ಕೆ ಕಳುಹಿಸಿದ್ದು ಕರಿಯನಿಗೆ ಸಿಕ್ಕ ಮೊದಲ ಒಳ್ಳೆಯ ಚಿಕಿತ್ಸೆ ಎಂದೇ ನಾನು ಭಾವಿಸುತ್ತೇನೆ.

ಸಮಯ ಮೀರಿಲ್ಲ. ಮೈಯ ಬೇರೆ ಕಡೆಯ ಚರ್ಮಕ್ಕೆ ಹೋಲಿಸಿದರೆ ರೆಪ್ಪೆಗೆ ಹರಿದುಬರುವ ರಕ್ತ ಬಹಳ ಹೆಚ್ಚು. ಆದ್ದರಿಂದಲೇ ನಿನ್ನೆ ಅಷ್ಟು ರಕ್ತ ಹೋಗಿದೆ, ಆದ್ದರಿಂದಲೇ ಅದು ಬೇಗ ಕೂಡಿಕೊಳ್ಳುತ್ತದೆ, ಸೋಂಕನ್ನೂ ಚೆನ್ನಾಗಿ ತಡೆಯುತ್ತದೆ. ಬೇರೆ ಗಾಯವಾಗಿದ್ದರೆ ಒಣಗಿದ ಅಂಚನ್ನೆಲ್ಲ ಕತ್ತರಿಸಿ ತಾಜಾ ಮಾಡಿ ಹೊಲಿಯುತ್ತೇವೆ. ರೆಪ್ಪೆಯ ವಿಷಯದಲ್ಲಿ ಆ ಪಾಠವನ್ನು ಬದಿಗಿಡಬೇಕು. ಹೆಪ್ಪುಗಟ್ಟಿದ ರಕ್ತವನ್ನು ಒರೆಸಿ, ಅಂಚನ್ನು ಹಗುರವಾಗಿ ಕೆರೆದು, ಕೆಂಪು ಕಾಣಿಸಿದ ಕೂಡಲೇ ನಿಲ್ಲಿಸಬೇಕು. ಕರಕಲಾಗಿದೆ ಎಂದು ಎಲ್ಲರೂ ಕೈಬಿಟ್ಟ ತುಂಡು ಹೊಲಿದ ಐದಾರು ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನನ್ನ ಸೇವಾವಧಿಯಲ್ಲಿ ಹಲವು ಸಲ ಕಂಡಿದ್ದೇನೆ.

ಇನ್ನು ನಿಮ್ಮ ಹಳೆಯ ನಾಯಿಯ ಕಣ್ಣು ಗಾಯ ಮಾಯ್ದ ಮೇಲೂ ಏಕೆ ಹೋಯಿತೆಂಬ ಪ್ರಶ್ನೆ. ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇದು ತಿಳಿದರೆ ಕತ್ತರಿಸಬಾರದೇಕೆ ಎಂಬುದೂ ತಿಳಿಯುತ್ತದೆ. ರೆಪ್ಪೆಯನ್ನು ನಾವು ಕಣ್ಣಿನ ಮೇಲಿನ ಚರ್ಮವೆಂದು ತಿಳಿಯುತ್ತೇವೆ. ಅದು ನಾಲ್ಕು ಪದರಗಳ ಅಂಗ. ಹೊರಗೆ ತೆಳುವಾದ ಚರ್ಮ, ಅದರ ಕೆಳಗೆ ಕಣ್ಣನ್ನು ಮುಚ್ಚಿಸುವ ಉಂಗುರದಂಥ ಸ್ನಾಯು, ಆಮೇಲೆ ರೆಪ್ಪೆಗೆ ಬಿಗಿ ಕೊಡುವ ನಾರಿನ ಪದರ, ಕಣ್ಣುಗುಡ್ಡೆಗೆ ತಾಗುವ ಒಳಮೈಯಲ್ಲಿ ನುಣುಪಾದ ತೇವದ ಪೊರೆ. ನಾಯಿಯ ರೆಪ್ಪೆಯನ್ನು ಬೆರಳಿನಿಂದ ಸ್ವಲ್ಪ ಹೊರಳಿಸಿ ಬೆಳಕಿಗೆ ಹಿಡಿದರೆ, ಕೂದಲಿಲ್ಲದ ಅಂಚಿನುದ್ದಕ್ಕೂ ಸೂಜಿಮೊನೆಯಿಂದ ಚುಚ್ಚಿದಂಥ ಚುಕ್ಕೆಗಳ ಸಾಲು ಕಾಣುತ್ತದೆ. ಅವು ಮೈಬೋಮಿಯನ್ ಗ್ರಂಥಿಗಳ ಬಾಯಿಗಳು. ಅವು ಸುರಿಸುವ ಎಣ್ಣೆಯಂಥ ಪದಾರ್ಥ ಕಣ್ಣೀರಿನ ಮೇಲೆ ತೆಳ್ಳಗೆ ಹರಡಿ ಅದು ಆರಿಹೋಗದಂತೆ ಕಾಯುತ್ತದೆ. ಮಿಟುಕಿಸುವಾಗ ಹೆಚ್ಚು ಓಡಾಡುವುದು ಮೇಲಿನ ರೆಪ್ಪೆ. ಪ್ರತಿ ಸಲವೂ ಅದು ಕಣ್ಣೀರನ್ನು ಕಾರ್ನಿಯಾದ, ಅಂದರೆ ಕಣ್ಣುಗುಡ್ಡೆಯ ಮುಂಭಾಗದ ಪಾರದರ್ಶಕ ಪದರದ, ಮೇಲೆ ಸಾರಿಸಿ ಬರುತ್ತದೆ.

ಆ ಅಂಚಿನ ಒಂದು ತುಂಡು ಇಲ್ಲವಾದರೆ, ಸಾರಿಸುವಾಗ ಒಂದು ಪಟ್ಟಿ ಪ್ರತಿಸಲವೂ ಒಣಗಿಯೇ ಉಳಿಯುತ್ತದೆ. ಜೊತೆಗೆ, ಕತ್ತರಿಸಿದ ಜಾಗದಲ್ಲಿ ನುಣುಪಾದ ಅಂಚಿನ ಬದಲು ಕೂದಲಿರುವ ಚರ್ಮವೇ ಕಣ್ಣಿನ ಕಡೆಗೆ ತಿರುಗಿ ಮಾಯುತ್ತದೆ. ಆ ಕೂದಲು ಹಗಲೂ ರಾತ್ರಿಯೂ ಕಾರ್ನಿಯಾವನ್ನು ಉಜ್ಜುತ್ತದೆ. ನಾಯಿಯ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಿರಂತರ ಉಜ್ಜುವಿಕೆಯಿಂದ ಅದು ತನ್ನನ್ನು ಕಾಪಾಡಿಕೊಳ್ಳಲು ರಕ್ತನಾಳಗಳನ್ನೂ ಬಣ್ಣದ ಕಣಗಳನ್ನೂ ತನ್ನ ಮೇಲೆ ಎಳೆದುಕೊಳ್ಳುತ್ತದೆ. ನೀವು ಕಂಡ ಕಂದುಬಣ್ಣದ ಪೊರೆ ಅದೇ ಇರಬೇಕು. ಆ ನಾಯಿಯಲ್ಲಿ ಮಾಯ್ದದ್ದು ಚರ್ಮ ಮಾತ್ರ, ಅಂಚು ಹೋದದ್ದು ಹೋಗಿಯೇ ಇತ್ತು. ತಾನೇ ಮಾಯಲು ಬಿಟ್ಟಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಉಂಗುರದ ಸ್ನಾಯು ಸೀಳನ್ನು ಎರಡೂ ಕಡೆಗೆ ಎಳೆಯುವುದರಿಂದ ಅದು ಕೂಡದೆ, ನಡುವೆ ಕಚ್ಚು ಬಿಟ್ಟುಕೊಂಡೇ ಮಾಯುತ್ತದೆ.

ಹೊರಡುವವರೆಗೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನಿನಿಂದ ಕಣ್ಣು ಮತ್ತು ಗಾಯವನ್ನು ಮೆಲ್ಲಗೆ ತೊಳೆದು, ಜೋತ ತುಂಡು ಒಣಗದಂತೆ ಸಲೈನಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ಆಗಾಗ ಹಗುರವಾಗಿ ತಾಗಿಸುತ್ತಿರಿ. ನಾಯಿ ತನ್ನ ಕಣ್ಣನ್ನು ನೆಕ್ಕಲಾರದು. ಅದು ಮುಂಗಾಲಿನಿಂದ ಕೆರೆಯುತ್ತದೆ ಅಥವಾ ಮುಖವನ್ನು ನೆಲಕ್ಕೆ ಉಜ್ಜುತ್ತದೆ. ಕೊರಳಿಗೆ ಹಾಕುವ ಕೋನ್ ಸಿಗದಿದ್ದರೆ ಸಣ್ಣ ಪ್ಲಾಸ್ಟಿಕ್ ಬಕೆಟ್ಟಿನ ತಳ ಕೊಯ್ದು, ಕೊಯ್ದ ಅಂಚಿಗೆ ಬಟ್ಟೆ ಸುತ್ತಿ ಕೊರಳಪಟ್ಟಿಗೆ ಕಟ್ಟಿ. ಈಗಿನಿಂದ ಊಟ ಕೊಡಬೇಡಿ, ನೀರು ಕುಡಿಯಲಿ. ನಂದಿಬಟ್ಟಲಿನ ರಸ, ಅರಿಶಿನ, ಹರಳೆಣ್ಣೆ ಯಾವುದೂ ಬೇಡ. ಗಾಯದಲ್ಲಿ ಹುಳ ಬಿದ್ದಾವೆಂಬ ಭಯದಿಂದ ಟರ್ಪೆಂಟೈನ್ ಸುರಿಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಕಣ್ಣಿನ ಹತ್ತಿರ ಅದರ ಒಂದು ಹನಿಯೂ ಸೋಕಬಾರದು, ಗಾಯಕ್ಕೆ ಹೊಡೆಯುವ ಸ್ಪ್ರೇ ಕೂಡ ಸೋಕಬಾರದು. ಮನೆಯಲ್ಲಿ ಉಳಿದಿರುವ ಕಣ್ಣಿನ ಡ್ರಾಪ್ಸ್ ಹಾಕಲೇಬೇಡಿ. ಅವುಗಳಲ್ಲಿ ಹಲವಕ್ಕೆ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟಿರಾಯ್ಡ್ ಸೇರಿರುತ್ತದೆ. ಮುಳ್ಳುತಂತಿ ಕಾರ್ನಿಯಾವನ್ನೂ ಗೀರಿದ್ದರೆ ಸ್ಟಿರಾಯ್ಡಿನಿಂದ ಆ ಹುಣ್ಣು ಮಾಯದೆ ಆಳವಾಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳೂ ಬೇಡ. ಬೆಳಿಗ್ಗೆ ಕೊಟ್ಟ ಇಂಜೆಕ್ಷನ್ನಿನ ಚೀಟಿಯನ್ನು ತಪ್ಪದೆ ಒಯ್ಯಿರಿ.

ಪೂರ್ತಿ ಅರಿವಳಿಕೆ ಬೇಕೇ ಬೇಕು. ಕಣ್ಣಿನಿಂದ ಎರಡು ಮಿಲಿಮೀಟರ್ ದೂರದಲ್ಲಿ ಸೂಜಿ ಓಡಾಡುವಾಗ ನಾಯಿ ತಲೆ ಕೊಡವಿದರೆ ಆಗುವ ಅನಾಹುತ ಗಾಯಕ್ಕಿಂತ ದೊಡ್ಡದು. ಮರಗಟ್ಟಿಸುವ ಇಂಜೆಕ್ಷನ್ನನ್ನು ಅದರ ಜೊತೆಗೆ ಕೊಡುತ್ತಾರೆ, ಎಚ್ಚರವಾದ ಮೇಲೆ ನೋವು ಕಡಿಮೆಯಿರಲೆಂದು. ಮೊದಲು ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯಿಂದ ಕಣ್ಣಿಗೆ ಬಣ್ಣ ಹಾಕಿ ನೋಡಬೇಕು. ಕಾರ್ನಿಯಾ ಗೀರಿದ್ದರೆ ಆ ಗೆರೆ ಹಸಿರಾಗಿ ಹೊಳೆಯುತ್ತದೆ. ನೀವು ಕೇಳಿದರೆ ಅವರು ನಿಮಗೂ ತೋರಿಸುತ್ತಾರೆ.

ಸೀಳು ಹೊರಮೂಲೆಯ ಕಡೆ ಇರುವುದು ಒಂದು ಸಮಾಧಾನ. ಮೂಗಿನ ಕಡೆಯ ಒಳಮೂಲೆಯಲ್ಲಿ ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ತೂಬುಗಳಿವೆ. ಅವು ಹರಿದಿದ್ದರೆ ಒಳಗೆ ತೆಳುವಾದ ನಳಿಗೆ ಕೂರಿಸಿ ಹೊಲಿಯಬೇಕಾಗುತ್ತಿತ್ತು. ಒಂದು ವೇಳೆ ಜೋತ ತುಂಡಿನ ಸ್ವಲ್ಪ ಭಾಗ ನಿಜವಾಗಿಯೂ ಸತ್ತುಹೋಗಿದ್ದರೂ ಎದೆಗುಂದಬೇಡಿ. ರೆಪ್ಪೆಯ ಉದ್ದದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹೋಗಿದ್ದರೂ ಉಳಿದ ಅಂಚುಗಳನ್ನು ನೇರವಾಗಿ ಎಳೆದು ಕೂಡಿಸಬಹುದು. ಅದಕ್ಕೂ ಹೆಚ್ಚಾದರೆ ಮಾತ್ರ ಪಕ್ಕದ ಚರ್ಮವನ್ನು ಸರಿಸಿ ತರುವ ದೊಡ್ಡ ಕೆಲಸ.

ಕಿರಿಯ ಪಶುವೈದ್ಯೆ (ಹಾವೇರಿ ಜಿಲ್ಲೆ):

ಸರ್, ನಾನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ದನ, ಎಮ್ಮೆ, ಕುರಿಗಳ ಗಾಯ ಹೊಲಿಯುವುದು ಅಭ್ಯಾಸವಾಗಿದೆ, ಆದರೆ ನಾಯಿಯ ರೆಪ್ಪೆ ಎಂದರೆ ಕೈ ಹಿಂಜರಿಯುತ್ತದೆ. ಕಳೆದ ವರ್ಷ ಒಂದು ನಾಯಿಯ ಕೆಳರೆಪ್ಪೆಯನ್ನು ಸಾಮಾನ್ಯ ಬಿಡಿ ಹೊಲಿಗೆಗಳಿಂದ ಕೂಡಿಸಿದೆ. ಮೊದಲ ಹೊಲಿಗೆಯನ್ನು ಗಾಯದ ದೂರದ ತುದಿಯಲ್ಲಿ ಹಾಕುತ್ತಾ ಅಂಚಿನ ಕಡೆಗೆ ಬಂದೆ. ಕೊನೆಗೆ ನೋಡಿದರೆ ಎರಡು ಅಂಚುಗಳ ನಡುವೆ ಮೆಟ್ಟಿಲಿನಂಥ ಏರುಪೇರು ಉಳಿದಿತ್ತು, ಅದನ್ನು ಸರಿಪಡಿಸುವ ಧೈರ್ಯವಾಗಲಿಲ್ಲ. ಆ ನಾಯಿಯ ಕಣ್ಣಲ್ಲಿ ಈಗಲೂ ನೀರು ಸುರಿಯುತ್ತದೆ, ಅದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಎಂಟರ ಆಕಾರದ ಹೊಲಿಗೆಯನ್ನು ಪುಸ್ತಕದಲ್ಲಿ ನೋಡಿದ್ದೇನೆ, ಆದರೆ ಸೂಜಿ ಎಲ್ಲಿ ಹೊಕ್ಕು ಎಲ್ಲಿ ಹೊರಬರಬೇಕೆಂಬುದು ಚಿತ್ರದಿಂದ ಕೈಗೆ ಇಳಿದಿಲ್ಲ. ದಯವಿಟ್ಟು ವಿವರಿಸುವಿರಾ?

ನಿವೃತ್ತ ಪಶುವೈದ್ಯ (ಧಾರವಾಡ):

ಖಂಡಿತ ಹೇಳುತ್ತೇನಮ್ಮ. ನೀವು ಎಡವಿದ್ದು ಕೈಚಳಕದಲ್ಲಲ್ಲ, ಕ್ರಮದಲ್ಲಿ. ಬೇರೆ ಗಾಯದಲ್ಲಿ ಯಾವ ತುದಿಯಿಂದ ಹೊರಟರೂ ನಡೆಯುತ್ತದೆ. ರೆಪ್ಪೆಯ ಚರ್ಮಕ್ಕೆ ಮೊದಲ ಹೊಲಿಗೆ ಅಂಚಿನಲ್ಲೇ ಬೀಳಬೇಕು. ಅಂಚು ಸರಿಯಾಗಿ ಕೂತಿತೆಂದರೆ ಮೇಲಿನ ಚರ್ಮ ತಾನಾಗಿ ಹೊಂದಿಕೊಳ್ಳುತ್ತದೆ. ಅಂಚಿನಲ್ಲಿ ಒಂದು ಮಿಲಿಮೀಟರಿನ ಮೆಟ್ಟಿಲು ಉಳಿದರೂ ಅದು ಜೀವಮಾನವಿಡೀ ಕಾರ್ನಿಯಾವನ್ನು ತಾಗುತ್ತದೆ.

ದಾರ 6-0, ಹೆಚ್ಚೆಂದರೆ 5-0. 6-0 ಎಂದರೆ ಆರು ಸೊನ್ನೆ, ಸೊನ್ನೆಗಳು ಹೆಚ್ಚಿದಷ್ಟೂ ದಾರ ಸಣ್ಣದು. 6-0 ದಾರದ ದಪ್ಪ ಸುಮಾರು 0.07 ಮಿ.ಮೀ., ತಲೆಗೂದಲಿನಷ್ಟು. ದನದ ಚರ್ಮಕ್ಕೆ ಬಳಸುವ ದಾರವನ್ನು ಇಲ್ಲಿ ತರಲೇಬಾರದು. ಸೋಂಕು ತೆಗೆಯಲು ಪೊವಿಡೋನ್ ಅಯೋಡಿನ್ ದ್ರಾವಣದ ಒಂದು ಪಾಲಿಗೆ 50 ಪಾಲು ಸಲೈನ್ ಬೆರೆಸಿ. ನೊರೆ ಬರುವ ಸ್ಕ್ರಬ್ ಬೇಡ, ಸ್ಪಿರಿಟ್ ಬೇಡ, ಕ್ಲೋರ್‌ಹೆಕ್ಸಿಡಿನ್ ಬೇಡ, ಮೂರೂ ಕಾರ್ನಿಯಾವನ್ನು ಸುಡುತ್ತವೆ. ಕೂದಲು ಕತ್ತರಿಸುವಾಗ ಕತ್ತರಿಯ ಅಲಗಿಗೆ ಮುಲಾಮು ಸವರಿಕೊಂಡರೆ ಕತ್ತರಿಸಿದ ಕೂದಲು ಕಣ್ಣಿಗೆ ಬೀಳದೆ ಅಲಗಿಗೇ ಅಂಟುತ್ತದೆ.

ಎರಡು ಪದರಗಳಲ್ಲಿ ಹೊಲಿಯಿರಿ. ಮೊದಲು ಒಳಗಿನ ನಾರಿನ ಪದರಕ್ಕೆ ಕರಗುವ ದಾರ, ಅಂದರೆ 6-0 ಪಾಲಿಗ್ಲಾಕ್ಟಿನ್. ಈ ಪದರದಲ್ಲಿ ದಾರ ಒಳಪೊರೆಯನ್ನು ಚುಚ್ಚಿಕೊಂಡು ಕಣ್ಣಿನ ಕಡೆಗೆ ಹೊರಬರಲೇಬಾರದು, ಗಂಟು ಗಾಯದೊಳಗೆ ಹೂತುಹೋಗಬೇಕು. ಮುಗಿಸಿದ ಮೇಲೆ ರೆಪ್ಪೆಯನ್ನು ಹೊರಳಿಸಿ ಒಳಮೈಯನ್ನು ನೋಡಿ. ದಾರದ ಎಳೆಯೊಂದು ಕಂಡರೂ ಬಿಚ್ಚಿ ಮತ್ತೆ ಹಾಕಿ. ನನ್ನ ಗುರುಗಳು ಈ ಒಂದು ನೋಟವನ್ನು ಎಂದೂ ಬಿಡುತ್ತಿರಲಿಲ್ಲ.

ಈಗ ಎಂಟರ ಹೊಲಿಗೆ. ಸೀಳಿನ ಎಡ, ಬಲ ಎಂದು ಇಟ್ಟುಕೊಳ್ಳೋಣ. ಎಡಗಡೆಯ ಚರ್ಮದಲ್ಲಿ, ಸೀಳಿನಿಂದಲೂ ಅಂಚಿನಿಂದಲೂ ಎರಡು ಮೂರು ಮಿ.ಮೀ. ದೂರದಲ್ಲಿ ಸೂಜಿ ಹೊಕ್ಕು ಸೀಳಿನೊಳಗೆ ಹೊರಬರಲಿ. ಅಲ್ಲಿಂದ ದಾಟಿ ಬಲಗಡೆಯ ಸೀಳಿನ ಮುಖದಲ್ಲಿ ಹೊಕ್ಕು, ಬಲ ಅಂಚಿನ ಮೇಲೆ ಸರಿಯಾಗಿ ಆ ಗ್ರಂಥಿಗಳ ಬಾಯಿಗಳ ಸಾಲಿನಲ್ಲಿ ಹೊರಬರಲಿ. ಈಗ ಅಂಚಿನ ಮೇಲೆ ಎಡಕ್ಕೆ ದಾಟಿ, ಎಡ ಅಂಚಿನಲ್ಲೂ ಅದೇ ಸಾಲಿನಲ್ಲಿ, ಸೀಳಿನಿಂದ ಅಷ್ಟೇ ದೂರದಲ್ಲಿ ಹೊಕ್ಕು ಸೀಳಿನೊಳಗೆ ಬರಲಿ. ಕೊನೆಗೆ ಮತ್ತೆ ಬಲಕ್ಕೆ ದಾಟಿ, ಬಲ ಸೀಳಿನಲ್ಲಿ ಹೊಕ್ಕು ಬಲ ಚರ್ಮದಲ್ಲಿ, ನೀವು ಆರಂಭಿಸಿದ ಜಾಗಕ್ಕೆ ಎದುರಾಗಿ ಹೊರಬರಲಿ. ಎಳೆದಾಗ ಎರಡು ಚುಕ್ಕೆಸಾಲುಗಳು ಒಂದೇ ಗೆರೆಯಾಗಿ ಕೂಡುವುದನ್ನು ಕಣ್ಣಾರೆ ಕಾಣುತ್ತೀರಿ, ಗಂಟು ಅಂಚಿನಿಂದ ದೂರ ಚರ್ಮದ ಮೇಲೆ ಕೂರುತ್ತದೆ. ಏರುಪೇರು ಕಂಡರೆ ಸಂಕೋಚಪಡದೆ ಬಿಚ್ಚಿ ಮತ್ತೆ ಹಾಕಿ. ನಾನು ಮೂರು ಸಲ ಬಿಚ್ಚಿ ಹಾಕಿದ ದಿನಗಳಿವೆ. ಉಳಿದ ಚರ್ಮಕ್ಕೆ ಎರಡು ಮೂರು ಮಿ.ಮೀ. ಅಂತರದಲ್ಲಿ ಬಿಡಿ ಹೊಲಿಗೆ ಸಾಕು. ಅಂಚಿನ ಗಂಟಿನ ಬಾಲಗಳನ್ನು ಮುಂದಿನ ಹೊಲಿಗೆಯ ಗಂಟಿನೊಳಗೆ ಸೇರಿಸಿ ಕಟ್ಟಿದರೆ ಅವು ಕಣ್ಣಿನ ಕಡೆಗೆ ತಿರುಗುವುದಿಲ್ಲ. ಸೂಜಿಯ ದಾರಿಯನ್ನು ಮೊದಲು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಅಭ್ಯಾಸ ಮಾಡಿ.

ನೀವು ಹೇಳಿದ ಆ ನಾಯಿಯನ್ನು ಹಾಗೆಯೇ ಬಿಡಬೇಡಿ. ಮಾಯ್ದ ಮೇಲೂ ಆ ಮೆಟ್ಟಿಲಿರುವ ಜಾಗವನ್ನು ಸಣ್ಣ ತ್ರಿಕೋನವಾಗಿ ತೆಗೆದು ಹೊಸದಾಗಿ ಕೂಡಿಸಬಹುದು. ಹತ್ತಿರದ ಕಾಲೇಜಿಗೆ ನೀವೇ ಕರೆದೊಯ್ದು, ಪಕ್ಕದಲ್ಲಿ ನಿಂತು ನೋಡಿ. ಮುಂದಿನದ್ದನ್ನು ನೀವೇ ಮಾಡುತ್ತೀರಿ.

ಮೈಸೂರಿನ ಓದುಗರು:

ಒಂದು ಗೊಂದಲವಿದೆ ಡಾಕ್ಟರೇ. ರೆಪ್ಪೆಯಿಂದ ಏನನ್ನೂ ಕತ್ತರಿಸಬಾರದು ಎನ್ನುತ್ತೀರಿ. ನಮ್ಮ ಐದು ತಿಂಗಳ ರಾಟ್‌ವೈಲರ್ ಮರಿಗೆ ಕೆಳರೆಪ್ಪೆ ಒಳಕ್ಕೆ ಮಡಚಿಕೊಂಡಿದ್ದು, ರೆಪ್ಪೆಯ ಚರ್ಮವನ್ನು ಪಟ್ಟಿಯಾಗಿ ಕತ್ತರಿಸಿ ತೆಗೆದು ಹೊಲಿಯಬೇಕೆಂದು ನಮ್ಮ ವೈದ್ಯರು ಹೇಳಿದ್ದಾರೆ. ಅದು ತಪ್ಪೇ?

ನಿವೃತ್ತ ಪಶುವೈದ್ಯ (ಧಾರವಾಡ):

ತಪ್ಪಲ್ಲ. ಅದು ಎಂಟ್ರೋಪಿಯನ್ ಎಂಬ ಬೇರೆಯೇ ತೊಂದರೆ. ಅಲ್ಲಿಯೂ ಅಂಚನ್ನು ಮುಟ್ಟುವುದಿಲ್ಲ ಎಂಬುದನ್ನು ಗಮನಿಸಿ. ಅಂಚಿನಿಂದ ಎರಡು ಎರಡೂವರೆ ಮಿ.ಮೀ. ಬಿಟ್ಟು, ಅದರ ಕೆಳಗಿನ ಚರ್ಮದಿಂದ ಅರ್ಧಚಂದ್ರಾಕಾರದ ಪಟ್ಟಿಯನ್ನು ತೆಗೆದು ಹೊಲಿದಾಗ, ಒಳಮಡಚಿದ ಅಂಚು ಹೊರಕ್ಕೆ ತಿರುಗಿ ನೆಟ್ಟಗಾಗುತ್ತದೆ. ಇದನ್ನು ಹಾಟ್ಸ್–ಸೆಲ್ಸಸ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಸೆಲ್ಸಸ್ ಎಂಬುವನು ಸುಮಾರು 2000 ವರ್ಷಗಳ ಹಿಂದಿನ ರೋಮನ್ ಲೇಖಕ, ಮನುಷ್ಯರ ರೆಪ್ಪೆಯ ಚರ್ಮ ತೆಗೆಯುವ ಚಿಕಿತ್ಸೆಯನ್ನು ಆಗಲೇ ಬರೆದಿಟ್ಟಿದ್ದ.

ಆದರೆ ಐದು ತಿಂಗಳಿಗೆ ಅವಸರಪಡಬೇಡಿ. ರಾಟ್‌ವೈಲರಿನ ತಲೆ, ಮುಖ ಇನ್ನೂ ಬೆಳೆಯಬೇಕಿದೆ. ಕಾರ್ನಿಯಾಕ್ಕೆ ಹುಣ್ಣಾಗುತ್ತಿದ್ದರೆ ಚರ್ಮ ತೆಗೆಯದೆ, ರೆಪ್ಪೆಯನ್ನು ಹೊರಕ್ಕೆ ಎಳೆದಿಡುವ ತಾತ್ಕಾಲಿಕ ಹೊಲಿಗೆಗಳನ್ನು ಕೆಲವು ವಾರ ಹಾಕಿ ಕಾಲ ಕಳೆಯಬಹುದು. ಇನ್ನೊಂದು ವಿಷಯವನ್ನು ನಿಮ್ಮ ವೈದ್ಯರ ಬಳಿ ಕೇಳಿ. ನೋವಿನಿಂದ ಕಣ್ಣು ಕಿವುಚುವುದರಿಂದಲೇ ರೆಪ್ಪೆ ಇನ್ನಷ್ಟು ಒಳಕ್ಕೆ ಮಡಚುತ್ತದೆ. ಆದ್ದರಿಂದ ಅರಿವಳಿಕೆಗೆ ಮುನ್ನ, ಮರಿ ಎಚ್ಚರವಿದ್ದಾಗಲೇ ಮರಗಟ್ಟಿಸುವ ಹನಿ ಹಾಕಿ, ನಿಜವಾದ ಮಡಿಕೆ ಎಷ್ಟು ಉಳಿಯುತ್ತದೆಂದು ಅಳೆಯಬೇಕು. ಒಂದು ಕೂದಲೆಳೆ ಕಡಿಮೆ ತೆಗೆದರೆ ಮತ್ತೊಮ್ಮೆ ತೆಗೆಯಬಹುದು, ಹೆಚ್ಚು ತೆಗೆದರೆ ರೆಪ್ಪೆ ಹೊರಕ್ಕೆ ಜೋತು, ಕಣ್ಣು ಮುಚ್ಚದಂತಾಗುತ್ತದೆ.

ಬೆಕ್ಕಿನಮನೆ (ಬೆಂಗಳೂರು):

ಬೆಕ್ಕಿನ ವಿಷಯವನ್ನೂ ಇಲ್ಲಿ ಸೇರಿಸಲು ಅನುಮತಿ ಕೊಡಿ, ಏಕೆಂದರೆ ರೆಪ್ಪೆಯ ಅಂಚಿನ ಬೆಲೆಯನ್ನು ನಾನು ಕಲಿತದ್ದು ಅಂಚೇ ಇಲ್ಲದೆ ಹುಟ್ಟಿದ ಒಂದು ಮರಿಯಿಂದ. ಮಳೆಯಲ್ಲಿ ಸಿಕ್ಕಿದ ಮುತ್ತಿಗೆ ಎರಡೂ ಕಣ್ಣಿನ ಮೇಲಿನ ರೆಪ್ಪೆಯ ಹೊರಭಾಗ ಹುಟ್ಟಿನಿಂದಲೇ ಇರಲಿಲ್ಲ. ಹುಬ್ಬಿನ ಚರ್ಮ ನೇರವಾಗಿ ಕಣ್ಣಿನೊಳಗೆ ಇಳಿದಂತೆ ಕಾಣುತ್ತಿತ್ತು. ನಾವು ಅದನ್ನು ಶೀತದ ಕಣ್ಣೆಂದೇ ತಿಳಿದು ಎರಡು ತಿಂಗಳು ಮುಲಾಮು ಹಾಕಿದೆವು. ಕೊನೆಗೆ ಒಬ್ಬ ವೈದ್ಯರು ಭೂತಗನ್ನಡಿಯಲ್ಲಿ ತೋರಿಸಿದಾಗ, ಐದಾರು ಬಿಳಿಕೂದಲುಗಳು ಒದ್ದೆಯಾದ ಕುಂಚದಂತೆ ಕಾರ್ನಿಯಾಕ್ಕೆ ಅಂಟಿಕೊಂಡಿದ್ದು ಕಂಡಿತು.

ಸ್ವಲ್ಪ ಬೆಳೆದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಬಾಯಿಯ ಮೂಲೆಯಿಂದ, ತುಟಿಯ ಕೂದಲಿಲ್ಲದ ಗುಲಾಬಿ ಅಂಚನ್ನು ಒಳಗೊಂಡ ಚರ್ಮದ ಪಟ್ಟಿಯನ್ನು ಬಿಡಿಸಿ, ಬುಡದ ರಕ್ತನಾಳ ಕಡಿಯದಂತೆ ಮೇಲಕ್ಕೆ ತಿರುಗಿಸಿ, ಇಲ್ಲದ ರೆಪ್ಪೆಯ ಜಾಗದಲ್ಲಿ ಹೊಲಿದರು. ತುಟಿಯಲ್ಲೂ ಒಳಗೆ ತೇವದ ಪೊರೆ, ಹೊರಗೆ ಚರ್ಮ, ನಡುವೆ ನುಣುಪಾದ ಅಂಚು ಇರುವುದರಿಂದ ರೆಪ್ಪೆಯನ್ನು ಅದಕ್ಕಿಂತ ಹೆಚ್ಚು ಹೋಲುವ ಭಾಗ ಮೈಯಲ್ಲಿ ಬೇರೆಲ್ಲೂ ಇಲ್ಲವೆಂದು ಅವರು ವಿವರಿಸಿದರು. ಮೊದಲು ಒಂದು ಕಣ್ಣು, ಕೆಲವು ವಾರಗಳ ಬಳಿಕ ಇನ್ನೊಂದು. ಕೆನ್ನೆಯ ಕೂದಲಿನ ದಿಕ್ಕು ಈಗಲೂ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ, ಆದರೆ ಮುತ್ತಿ ಕಣ್ಣು ಕಿವುಚುವುದನ್ನು ಬಿಟ್ಟಿದ್ದಾಳೆ.

ಬೆಕ್ಕು ಸಾಕುವವರಿಗೆ ಎರಡು ಮಾತು. ಕೆಟಮಿನ್ ಎಂಬ ಅರಿವಳಿಕೆ ಔಷಧಿ ಕೊಟ್ಟ ಬೆಕ್ಕು ಕಣ್ಣು ತೆರೆದೇ ಮಲಗುತ್ತದೆ, ಆದ್ದರಿಂದ ಆ ಕಣ್ಣು ಒಣಗದಂತೆ ಮುಲಾಮು ಹಾಕಿದ್ದಾರೆಯೇ ಎಂದು ಕೇಳಿ. ಶಸ್ತ್ರಚಿಕಿತ್ಸೆಯ ರಾತ್ರಿ ನರಳಿತೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಮಗುವಿಗೆ ಕೊಡುವಷ್ಟು ಸಣ್ಣ ಪ್ರಮಾಣವೂ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ತೋಟದಮನೆ (ತೀರ್ಥಹಳ್ಳಿ):

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಂದೇ ಮಧ್ಯಾಹ್ನ ಕರಿಯನನ್ನು ಜೀಪಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಬಣ್ಣ ಹಾಕಿ ನೋಡಿದಾಗ ಕಾರ್ನಿಯಾದ ಮೇಲೆ ಒಂದು ಸಣ್ಣ ಹಸಿರು ಗೆರೆ ಕಂಡಿತು. ಆಳವಿಲ್ಲ, ಆಂಟಿಬಯೋಟಿಕ್ ಹನಿಯಿಂದ ಮಾಯುತ್ತದೆ ಎಂದರು. ಮನೆಯಲ್ಲಿದ್ದ ಡ್ರಾಪ್ಸಿನ ಪೆಟ್ಟಿಗೆಯನ್ನು ಜೊತೆಗೆ ಒಯ್ದಿದ್ದೆ. ಅದರ ಮೇಲೆ ಡೆಕ್ಸಾಮೆಥಾಸೋನ್ ಎಂದು ಬರೆದಿತ್ತು. ಹಾಕದೆ ಉಳಿದದ್ದು ನಿಮ್ಮ ಮಾತಿನಿಂದ.

ಕಪ್ಪಗಿದ್ದ ತುಂಡಿನಲ್ಲಿ ಒಂದಿಷ್ಟನ್ನೂ ತೆಗೆಯಲಿಲ್ಲ. ಸಲೈನಿನಲ್ಲಿ ನೆನೆಸಿ ಒರೆಸಿದಾಗ ಕಪ್ಪಿನಲ್ಲಿ ಬಹುಪಾಲು ಒಣಗಿದ ರಕ್ತವೇ ಆಗಿತ್ತಂತೆ. ಇಂದಿಗೆ ಆರನೆಯ ದಿನ. ಊತ ಇಳಿದಿದೆ, ತುಂಡು ಗುಲಾಬಿಯಾಗಿದೆ. ಅವನಿಗೆ ಬಕೆಟ್ಟಿನ ಕೋನ್ ಹಿಡಿಸುತ್ತಿಲ್ಲ, ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ. ನೋಡಲು ಸಂಕಟವಾಗಿ ಊಟದ ಹೊತ್ತಿಗಾದರೂ ತೆಗೆಯೋಣವೆಂದು ಮಕ್ಕಳು ಕೇಳುತ್ತಿದ್ದಾರೆ. ತೆಗೆಯಬಹುದೇ?

ನಿವೃತ್ತ ಪಶುವೈದ್ಯ (ಧಾರವಾಡ):

ತುಂಬ ಸಂತೋಷವಾಯಿತು. ಕೋನ್ ಮಾತ್ರ ತೆಗೆಯಬೇಡಿ. ಊಟದ ತಟ್ಟೆಯನ್ನು ಮಣೆಯ ಮೇಲೆ ಎತ್ತರದಲ್ಲಿಟ್ಟರೆ ಕೋನ್ ನೆಲಕ್ಕೆ ತಾಗದೆ ತಿನ್ನುತ್ತಾನೆ. ಆರನೆಯ ದಿನದಿಂದ ಹತ್ತನೆಯ ದಿನದವರೆಗೆ ಮಾಯುವ ಗಾಯ ತುರಿಸುತ್ತದೆ. ಹೊಲಿಗೆ ಕಿತ್ತುಕೊಂಡ ನಾಯಿಗಳು ನನ್ನ ಬಳಿ ಮರಳಿ ಬಂದದ್ದು ಹೆಚ್ಚಾಗಿ ಈ ದಿನಗಳಲ್ಲಿ, ಹೆಚ್ಚಾಗಿ ಕೋನ್ ತೆಗೆದ ಹತ್ತು ನಿಮಿಷದಲ್ಲಿ. ಹನಿಯನ್ನು ಮೊದಲು ಹಾಕಿ, ಐದಾರು ನಿಮಿಷ ಬಿಟ್ಟು ಮುಲಾಮು ಹಾಕಿ, ಮೊದಲೇ ಮುಲಾಮು ಹಾಕಿದರೆ ಹನಿ ಒಳಗಿಳಿಯುವುದಿಲ್ಲ. ಕಣ್ಣನ್ನು ಇದ್ದಕ್ಕಿದ್ದಂತೆ ಬಿಗಿಯಾಗಿ ಮುಚ್ಚಿಕೊಂಡರೆ, ಹಸಿರು ಪಿಸುರು ಬಂದರೆ ಅಥವಾ ಕಣ್ಣುಗುಡ್ಡೆ ನೀಲಿಯಾಗಿ ಮಬ್ಬಾದರೆ ಹೊಲಿಗೆ ಬಿಚ್ಚುವ ದಿನಕ್ಕೆ ಕಾಯದೆ ಹೊರಡಿ. ದಾರದ ತುದಿ ಕಣ್ಣಿಗೆ ತಾಗುತ್ತಿರಬಹುದು.

ತೋಟದಮನೆ (ತೀರ್ಥಹಳ್ಳಿ):

ನಿನ್ನೆ, ಹದಿಮೂರನೆಯ ದಿನ, ಹೊಲಿಗೆ ಬಿಚ್ಚಿದರು. ಕರಿಯ ಎಚ್ಚರವಿದ್ದಂತೆಯೇ, ನಾನು ತಲೆ ಹಿಡಿದಿದ್ದೆ. ಮತ್ತೆ ಬಣ್ಣ ಹಾಕಿ ನೋಡಿದರು, ಹಸಿರು ಗೆರೆ ಇಲ್ಲ. ಡಾಕ್ಟರು ರೆಪ್ಪೆಯನ್ನು ಮೆಲ್ಲನೆ ಹೊರಳಿಸಿ ಬೆಳಕು ಬಿಟ್ಟಾಗ, ನೀವು ಹೇಳಿದ ಚುಕ್ಕೆಗಳ ಸಾಲನ್ನು ನಾನೂ ಕಂಡೆ. ಸೀಳಿದ್ದ ಜಾಗದಲ್ಲಿ ಒಂದೆರಡು ಚುಕ್ಕೆ ಕಾಣಲಿಲ್ಲ, ಅದರ ಎರಡೂ ಪಕ್ಕದಲ್ಲಿ ಸಾಲು ಒಂದೇ ಗೆರೆಯಲ್ಲಿ ಮುಂದುವರಿದಿತ್ತು. ರಾತ್ರಿ ಅವನು ಜಗಲಿಯಲ್ಲಿ ಮಲಗಿದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಎರಡು ರೆಪ್ಪೆಗಳೂ ಪೂರ್ತಿಯಾಗಿ ಕೂಡಿ ಮುಚ್ಚಿದ್ದವು. ಒಂದು ತಿಂಗಳ ಬಳಿಕ ಮತ್ತೊಮ್ಮೆ ತೋರಿಸಲು ಹೇಳಿದ್ದಾರೆ. ಅಷ್ಟರೊಳಗೆ ತೋಟದ ಬೇಲಿಯ ಕೆಳಗಿನ ಎರಡು ಎಳೆ ಮುಳ್ಳುತಂತಿಯನ್ನು ತೆಗೆಸಿ ಸಾದಾ ತಂತಿ ಹಾಕಿಸುತ್ತಿದ್ದೇನೆ.